ಬಿಸಿಎ ಮಕ್ಳಿಗೆ ವೆಬ್ ಕಲ್ಸೋಕೆ ಯಾವ ಪ್ರಾಜೆಕ್ಟ್ ಕೊಡ್ಬೇಕು?

ಶಿರಸಿ ಮೇಷ್ಟ್ರು:
ಎಲ್ರಿಗೂ ನಮಸ್ಕಾರ. ಶಿರಸಿ ಕಡೆ ಒಂದು ಕಾಲೇಜಲ್ಲಿ ಬಿಸಿಎದವ್ರಿಗೆ ಎಚ್‌ಟಿಎಂಎಲ್, ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್ ಪಾಠ ಮಾಡ್ತೀನಿ. ಮಕ್ಳು ಟ್ಯಾಗ್ ಎಲ್ಲ ಬಾಯಿಪಾಠ ಮಾಡಿ ಲ್ಯಾಬ್ ರೆಕಾರ್ಡಲ್ಲಿ ಚೆಂದಾಗಿ ಬರೀತಾರೆ, ಮಾರ್ಕ್ಸೂ ಬರ್ತದೆ, ಆದ್ರೆ ಖಾಲಿ ಫೈಲ್ ಮುಂದೆ ಕೂರ್ಸಿ ಒಂದು ಪೇಜ್ ಮಾಡು ಅಂದ್ರೆ ಕೈ ಓಡೋದಿಲ್ಲ. ಈ ಸಲ ಪೂರ್ತಿ ಪ್ರಾಜೆಕ್ಟ್ ಮೇಲೇ ಹೋಗ್ಬೇಕು ಅಂತಿದೀನಿ. ಸುಮಾರು ಜನರ ಹತ್ರ ಲ್ಯಾಪ್‌ಟಾಪ್ ಇಲ್ಲ, ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡನ್ನೂ ನಂಬೋ ಹಾಗಿಲ್ಲ. ಅದೇ ಪೋರ್ಟ್‌ಫೋಲಿಯೊ, ಕ್ಯಾಲ್ಕ್ಯುಲೇಟರ್ ಬಿಟ್ಟು ಬೇರೆ ಏನು ಕೊಡ್ಬಹುದು?

ಘಟ್ಟದ ಕೋಡರ್:
ಮೇಷ್ಟ್ರೇ, ಅಡಿಕೆ ದರದ ಪೇಜ್ ಮಾಡ್ಸಿ. ನಿಮ್ಮ ಕ್ಲಾಸಲ್ಲಿ ತೋಟದ ಮನೆಯವ್ರೇ ಜಾಸ್ತಿ ಇರ್ತಾರೆ, ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು ಅಂತ ಅಡಿಕೆ ಬಗೆಗಳು ಅಂದ್ರೆ ಏನು ಅಂತ ಹೇಳ್ಕೊಡ್ಬೇಕಿಲ್ಲ, ತಲೆ ಪೂರ್ತಿ ಕೋಡ್ ಕಡೆಗೇ ಇರ್ತದೆ. ಮೊದ್ಲು ಬರೀ ಟೇಬಲ್, ಬಣ್ಣ ಗಿಣ್ಣ ಬೇಡ. ಆಮೇಲೆ ಫೋನಲ್ಲಿ ಟೇಬಲ್ ಅಡ್ಡಕ್ಕೆ ಹೊರಗೆ ಹೋಗ್ತದಲ್ಲ, ಅದನ್ನ ಸರಿ ಮಾಡ್ತಾ ಮಾಡ್ತಾ ವ್ಯೂಪೋರ್ಟ್, ಮೀಡಿಯಾ ಕ್ವೆರಿ ಅಂತ ಪರದೆ ಅಳತೆಗೆ ಪೇಜ್ ಹೊಂದಿಸೋದೆಲ್ಲ ಬರ್ತದೆ. ಕೊನೆಗೆ ಜಾವಾಸ್ಕ್ರಿಪ್ಟ್: ದರ ಇರೋದು ಕ್ವಿಂಟಾಲಿಗೆ, ಮನೇಲಿ ಇರೋದು ಎರಡು ಚೀಲ, ಒಟ್ಟು ಎಷ್ಟು ದುಡ್ಡು ಬರ್ತದೆ ಅಂತ ಲೆಕ್ಕ. ಒಂದು ಬಾಕ್ಸಲ್ಲಿ 65 ಕೆಜಿ, ಇನ್ನೊಂದ್ರಲ್ಲಿ 68 ಕೆಜಿ ಹಾಕಿ ಪ್ಲಸ್ ಮಾಡಿದ್ರೆ 133 ಬರೋದಿಲ್ಲ, 6568 ಬರ್ತದೆ, ಯಾಕಂದ್ರೆ ಇನ್‌ಪುಟ್ ಬಾಕ್ಸಿಂದ ಬರೋ ವ್ಯಾಲ್ಯೂ ಸ್ಟ್ರಿಂಗು, ಅಂದ್ರೆ ಸಂಖ್ಯೆ ಅಲ್ಲ, ಬರೀ ಅಕ್ಷರದ ಸಾಲು, ಟೈಪ್ ನಂಬರ್ ಅಂತ ಕೊಟ್ರೂ ಅಷ್ಟೇ. ದಯವಿಟ್ಟು ಇದನ್ನ ಮುಂಚೇನೇ ಹೇಳ್ಬೇಡಿ. ಎರಡು ಚೀಲದಲ್ಲಿ ಅರವತ್ತೈದು ಕ್ವಿಂಟಾಲ್ ಅಡಿಕೆ ತೋರ್ಸಿದ್ರೆ ತಪ್ಪು ಅಂತ ಅವ್ರಿಗೇ ಗೊತ್ತಾಗ್ತದೆ, ಅವ್ರೇ ಹುಡುಕ್ಲಿ.

ಅಂಕೋಲೆ ಕಡೆಯವ್ಳು:
ಅಡಿಕೆ ಐಡಿಯಾ ಲಾಯ್ಕಿದೆ. ಆದ್ರೆ ಪೇಜ್ ಲ್ಯಾಬ್ ಕಂಪ್ಯೂಟರಲ್ಲೇ ಉಳ್ಕೊಂಡ್ರೆ ಏನೂ ಪ್ರಯೋಜನ ಇಲ್ಲ, ಮೊದಲ ವಾರವೇ ನೆಟ್ಟಿಗೆ ಹಾಕ್ಸಿ. ಗಿಟ್‌ಹಬ್ ಪೇಜಸ್ ಅಂತ ಪೇಜ್ ನೆಟ್ಟಲ್ಲಿ ಇಡೋ ಸೇವೆ ಇದೆ, ಪುಕ್ಕಟೆ. ಲಿಂಕ್ ಮನೆಯವ್ರಿಗೆ ವಾಟ್ಸಾಪಲ್ಲಿ ಕಳ್ಸಿದ ಮೇಲೆ ಯಾರೂ ಅರ್ಧಕ್ಕೆ ಬಿಡೋದಿಲ್ಲ. ಕರಾವಳಿ ಮಕ್ಳಿದ್ರೆ ಕರಿ ಇಶಾಡ ಮಾವಿನ ಬಗ್ಗೆ ಮಾಡ್ಲಿ, 2023ರಲ್ಲಿ ಜಿಐ ಟ್ಯಾಗ್ ಬೇರೆ ಸಿಕ್ಕಿದೆ. ಫೋಟೋ ಹಾಕುವಾಗ ಒಂದು ನೋಡ್ಕೊಳ್ಳಿ, ಫೈಲ್ ಹೆಸರಲ್ಲಿ ಕ್ಯಾಪಿಟಲ್ ಅಕ್ಷರ ಇದ್ದು ಕೋಡಲ್ಲಿ ಸ್ಮಾಲ್ ಬರ್ದಿದ್ರೆ ವಿಂಡೋಸಲ್ಲಿ ಕಾಣ್ತದೆ, ಗಿಟ್‌ಹಬ್ಬಿಗೆ ಹಾಕಿದ ಕೂಡ್ಲೇ ಫೋಟೋ ಬರೋದಿಲ್ಲ. ಲ್ಯಾಪ್‌ಟಾಪ್ ಇಲ್ದವ್ರಿಗೆ ಆಂಡ್ರಾಯ್ಡಲ್ಲಿ ಏಕೋಡ್ ಅಂತ ಎಡಿಟರ್ ಇದೆ, ಅದ್ರಲ್ಲೇ ಬರ್ದು ಅಲ್ಲೇ ನೋಡ್ಬಹುದು. ಬೂಟ್‌ಸ್ಟ್ರಾಪ್ ಲಿಂಕ್ ಹಾಕ್ಸೋದು ಬೇಡ, ಅದು ನೆಟ್ಟಿಂದ ಬರೋ ರೆಡಿಮೇಡ್ ವಿನ್ಯಾಸ, ನೆಟ್ ಹೋದ ದಿನ ಪೇಜ್ ಪೂರ್ತಿ ಕೆಡ್ತದೆ. ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್ ಆದ್ರೆ ನೆಟ್ಟೇ ಬೇಡ.

ಶಿರಸಿ ಮೇಷ್ಟ್ರು:
ತುಂಬಾ ಉಪಕಾರ ಆಯ್ತು. ಪೇಜ್ ಕನ್ನಡದಲ್ಲೇ ಮಾಡ್ಸೋಣ ಅಂತ ಆಸೆ, ಆದ್ರೆ ಕೆಲವು ಕಡೆ ಅಕ್ಷರ ಎಲ್ಲ ಚಿತ್ರವಿಚಿತ್ರ ಬರ್ತದೆ. ಮತ್ತೆ ಚಾಟ್‌ಜಿಪಿಟಿಲಿ ಬರ್ಸಿ ತಂದ್ರೆ ಮಾರ್ಕ್ಸ್ ಹೇಗೆ ಕೊಡೋದು?

ಘಟ್ಟದ ಕೋಡರ್:
ಖಂಡಿತ ಕನ್ನಡದಲ್ಲೇ ಮಾಡ್ಸಿ. ಹೆಡ್ ಒಳಗೆ ಮೆಟಾ ಚಾರ್‌ಸೆಟ್ ಯುಟಿಎಫ್-8 ಇರ್ಲಿ, ಅಕ್ಷರಗಳನ್ನ ಯಾವ ಕೋಡಲ್ಲಿ ಓದ್ಬೇಕು ಅಂತ ಬ್ರೌಸರಿಗೆ ಹೇಳೋದು ಅದೇ, ಫೈಲೂ ಅದ್ರಲ್ಲೇ ಸೇವ್ ಆಗ್ಲಿ. ಆಮೇಲೂ ವಿಚಿತ್ರ ಬಂದ್ರೆ ಅದು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಆಸ್ಕಿ ಪಠ್ಯ ಇರ್ಬಹುದು, ಅದು ಅದ್ರದ್ದೇ ಫಾಂಟ್ ಇದ್ರೆ ಮಾತ್ರ ಕನ್ನಡವಾಗಿ ಕಾಣ್ತದೆ, ಎಲ್ಲ ಕಡೆ ಓದೋಕಾಗೋ ಯುನಿಕೋಡಿಗೆ ಬದಲಾಯಿಸಿ ಹಾಕ್ಬೇಕು. ಲೆಕ್ಕದ ಬಾಕ್ಸಲ್ಲಿ ಮಾತ್ರ 65 ಅಂತಲೇ ಹಾಕ್ಲಿ, ೬೫ ಅಂತ ಕೊಟ್ರೆ ಜಾವಾಸ್ಕ್ರಿಪ್ಟ್ ಅದನ್ನ ನಂಬರ್ ಅಂತ ತಗೊಳ್ಳೋದಿಲ್ಲ. ಇನ್ನು ಮಾರ್ಕ್ಸಿನ ವಿಷ್ಯ, ವೈವಾ ಟೈಮಲ್ಲಿ ಪಕ್ಕ ಕೂತು ಅವ್ರದ್ದೇ ಪೇಜಲ್ಲಿ ಕೆಂಪುಗೋಟು ಅನ್ನೋ ಇನ್ನೊಂದು ಬಗೆ ಅಡಿಕೆಗೆ ಒಂದು ಸಾಲು ಸೇರ್ಸಿ, ಲೆಕ್ಕನೂ ಸರಿ ಬರ್ಬೇಕು ಅನ್ನಿ. ಎಲ್ಲಿಂದ ತಂದಿದ್ರೂ ಅರ್ಥ ಮಾಡ್ಕೊಂಡಿದ್ರೆ ಮಾಡ್ತಾರೆ, ಇಲ್ದಿದ್ರೆ ಅಲ್ಲೇ ಗೊತ್ತಾಗ್ತದೆ.