‘ವಿಚಲನೆ’ಯೇ, ಭಿನ್ನತೆಯೇ? ಪಾಠದಲ್ಲಿ ಯಾವ ಪದ ಬಳಸುವುದು?

ಪ್ರಶ್ನೆ: ವಿರಾಜಪೇಟೆಯ ಉಪನ್ಯಾಸಕಿ

ನಾನು ಇಲ್ಲಿನ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಟಿಪ್ಪಣಿ ಸಿದ್ಧಪಡಿಸುವಾಗ, ಸಮಾಜದ ರೂಢಿಗೆ ಹೊರತಾದ ನಡತೆಯನ್ನು ಏನೆಂದು ಕರೆಯುವುದು ಎಂಬಲ್ಲಿ ಪ್ರತಿ ವರ್ಷವೂ ಪೆನ್ನು ನಿಲ್ಲುತ್ತದೆ. ‘ಪಥಭ್ರಷ್ಟತೆ’ ಎಂದರೆ ಪಾಠಕ್ಕೆ ಮೊದಲೇ ತೀರ್ಪು ಕೊಟ್ಟಂತೆ. ‘ವಿಕೃತಿ’ ಎಂದರೆ ಪತ್ರಿಕೆಯ ಅಪರಾಧ ಸುದ್ದಿ ನೆನಪಾಗುತ್ತದೆ. ‘ವಿಚಲನೆ’ ಎಂದರೆ ಮಕ್ಕಳಿಗೆ ಗಣಿತದ ಮಾನಕ ವಿಚಲನೆ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕಣ್ಣೆದುರು ಬರುತ್ತದೆ. ಹಾಗೆ ನೋಡಿದರೆ ಗಣಿತವೇ ಹೆಚ್ಚು ಉದಾರವಾದದ್ದು: ಸರಾಸರಿಯಿಂದ ಎಷ್ಟೇ ದೂರವಿರುವ ಸಂಖ್ಯೆಯನ್ನೂ ಸರಾಸರಿ ತೆಗೆಯುವಾಗ ಅಲ್ಲಿ ಬಿಡುವಂತಿಲ್ಲ.

ಉದಾಹರಣೆ ಬರೆಯಲು ಹೇಳಿದಾಗ ವಿದ್ಯಾರ್ಥಿಗಳು ಕಳ್ಳತನ, ಕುಡಿತ, ಮಂಗಳಮುಖಿಯರು, ಕಿವುಡುತನ, ಮಾನಸಿಕ ಕಾಯಿಲೆ, ‘ಶಾಲೆ ತಪ್ಪಿಸಿ ಕಾಡಿಗೆ ಹೋಗುವವರು’ ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿದರು. ಕೊನೆಯದು ಯಾರನ್ನು ಕುರಿತ ಮಾತೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬುಡಕಟ್ಟು ಜನರ ಹಾಡಿಯಿಂದ ಬರುವ ವಿದ್ಯಾರ್ಥಿಗಳೂ ಅದೇ ತರಗತಿಯಲ್ಲಿದ್ದರು. ತಪ್ಪು ನಡತೆಯನ್ನೂ ಬರಿಯ ಭಿನ್ನತೆಯನ್ನೂ ಬೇರ್ಪಡಿಸಿ ಹೇಳುವಂಥ ಪದಗಳನ್ನು ನೀವು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಮಡಿಕೇರಿಯ ವಕೀಲ

ಮೇಡಂ, ಪದ ಬದಲಾದರೆ ಪಟ್ಟಿ ಬದಲಾಗುತ್ತದೆ ಎಂಬ ಭರವಸೆ ನನಗಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಇಡೀ ಸಮುದಾಯಗಳನ್ನು ಅಪರಾಧಿಗಳೆಂದು ಘೋಷಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಅದೇ ಕಾಯ್ದೆಯ ಇನ್ನೊಂದು ಭಾಗ, ನಪುಂಸಕರೆಂದು ಕರೆಯಲಾದವರಲ್ಲಿ ಮಕ್ಕಳನ್ನು ಅಪಹರಿಸುವ ಗುಮಾನಿ ಇದ್ದವರ ಹೆಸರು, ವಿಳಾಸಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದಿತು. 1952ರಲ್ಲಿ ಕಾಯ್ದೆ ರದ್ದಾಗಿ ಆ ಸಮುದಾಯಗಳು ‘ವಿಮುಕ್ತ’ ಎನಿಸಿಕೊಂಡವಾದರೂ, ‘ರೂಢಿಗತ ಅಪರಾಧಿ’ ಎಂಬ ಹೆಸರು ಹೊತ್ತ ಕಾಯ್ದೆಗಳು ಹಲವು ರಾಜ್ಯಗಳಲ್ಲಿ ಅದರ ಜಾಗಕ್ಕೆ ಬಂದವು. ಇದು ಹಳೆಯ ಕಥೆ ಎನ್ನುವವರು 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಂ ಓದಬೇಕು: ಅದೇ ಗುಮಾನಿ, ಅದೇ ನೋಂದಣಿ ಪುಸ್ತಕ. ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿದ ಮೇಲೆ, 2016ರಲ್ಲಿ ‘ನಪುಂಸಕ’ ಎಂಬ ಪದದ ಜಾಗಕ್ಕೆ ‘ವ್ಯಕ್ತಿ’ ಎಂಬ ಪದ ಬಂತು. ಕಲಂ ಮಾತ್ರ ಉಳಿಯಿತು.

ನಿಮ್ಮ ಶಾಸ್ತ್ರದವರೇ ಆದ ಹೋವರ್ಡ್ ಬೆಕರ್ 1963ರಲ್ಲಿ ವಾದಿಸಿದ್ದು, ರೂಢಿ ಮೀರುವಿಕೆ ಎನ್ನುವುದು ಕೃತ್ಯದೊಳಗಿನ ಗುಣವಲ್ಲ, ನಿಯಮ ಮಾಡಿದವರು ಇನ್ನೊಬ್ಬರ ಮೇಲೆ ಹಚ್ಚಿದ ಹಣೆಪಟ್ಟಿಯ ಫಲ ಎಂದು. ಇದನ್ನು ಪೂರ್ತಿ ಒಪ್ಪಲು ನನ್ನ ವೃತ್ತಿ ಬಿಡುವುದಿಲ್ಲ. ಒಣಹಾಕಿದ ಕಾಫಿ ಕಣದಿಂದ ಕಳುವಾದರೆ ಅಲ್ಲಿ ಕಳೆದುಕೊಂಡವನೊಬ್ಬ ಇದ್ದೇ ಇರುತ್ತಾನೆ. ಮಂಗಳಮುಖಿಯೊಬ್ಬರು ಬದುಕಿರುವುದರಿಂದ ಕಳೆದುಕೊಂಡವರು ಯಾರು ಎಂದು ಮಕ್ಕಳನ್ನು ಕೇಳಿ.

ಉತ್ತರ: ಕುಶಾಲನಗರದ ತಾಯಿ

ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲವಾದ್ದರಿಂದ ಆ ಪಟ್ಟಿಯ ಬಗ್ಗೆ ಹೇಳಬೇಕೆನಿಸಿತು. ಕುರುಡ, ಕುಂಟ, ಕಿವುಡ, ಹುಚ್ಚ ಎಂಬ ಪದಗಳು ನಮ್ಮ ಬಾಯಲ್ಲಿ ಬರುವುದೇ ಏಕವಚನದಲ್ಲಿ. ಅದನ್ನು ತಪ್ಪಿಸಲು ‘ಅಂಗವಿಕಲ’ ಹೋಗಿ ‘ವಿಕಲಚೇತನ’ ಬಂತು. ಅಲ್ಲಿಯವರೆಗೆ ಅಂಗಕ್ಕಷ್ಟೇ ಇದ್ದ ಊನ ಆಗ ಚೇತನಕ್ಕೇ ಅಂಟಿಕೊಂಡಿತಲ್ಲ ಎಂದು ಯಾರಿಗೂ ಹೊಳೆಯಲಿಲ್ಲವೋ ಏನೋ. ಬಳಿಕ ‘ವಿಶೇಷಚೇತನ’ ಬಂತು. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ‘ದಿವ್ಯಾಂಗ’ ಎಂಬ ಪದ ಸೂಚಿಸಿದಾಗ ಅಂಗವಿಕಲರ ಹಕ್ಕುಗಳ ಸಂಘಟನೆಗಳಿಂದಲೇ ಆಕ್ಷೇಪಣೆ ಬಂತು. ನಮ್ಮ ಮನೆಯಲ್ಲೂ ದಿವ್ಯವಾದದ್ದೇನೂ ಇಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಕೂಗುವುದನ್ನು ಬೋರ್ಡಿನಲ್ಲೂ ಬರೆದರೆ ಸಾಕು. ಹೆಸರಿಗಿಂತ ನನಗೆ ಮುಖ್ಯವೆನಿಸುವುದು, 1995ರ ಕಾಯ್ದೆಯಲ್ಲಿ 7 ಇದ್ದ ವೈಕಲ್ಯಗಳ ಸಂಖ್ಯೆ 2016ರ ಕಾಯ್ದೆಯಲ್ಲಿ 21 ಆದದ್ದು.

ಮಗಳು ತನ್ನನ್ನು ‘ಕಿವುಡಿ’ ಎಂದೇ ಬರೆದುಕೊಳ್ಳುತ್ತಾಳೆ, ಯಾವ ಸಂಕೋಚವೂ ಇಲ್ಲ. ಸನ್ನೆ ಭಾಷೆಯ ಗೆಳತಿಯರೆಲ್ಲರದ್ದೂ ಹಾಗೆಯೇ. ಅವಳಿಗೆ ಸಿಟ್ಟು ಬರುವುದು ‘ಪಾಪ’ ಎಂಬ ಪದಕ್ಕೆ. ಹಣ ಅವಳ ಕೈಯಲ್ಲೇ ಇದ್ದರೂ ಅಂಗಡಿಯವರು ನನ್ನತ್ತ ತಿರುಗಿ, ‘ಪಾಪ, ಇವಳಿಗೆ ಏನು ಬೇಕಂತೆ?’ ಎನ್ನುತ್ತಾರೆ, ತುಟಿಯ ಚಲನೆಯಿಂದ ಆ ಒಂದು ಪದವನ್ನು ಅವಳು ತಪ್ಪದೆ ಗುರುತಿಸುತ್ತಾಳೆ. ಅದು ಯಾವ ಬೈಗುಳದ ಪಟ್ಟಿಯಲ್ಲೂ ಇಲ್ಲ.

ಉತ್ತರ: ತಿತಿಮತಿಯ ವಿದ್ಯಾರ್ಥಿ

ನಾನು ಜೇನುಕುರುಬ ಸಮುದಾಯದವನು. ಸರ್ಕಾರಿ ಕಡತಗಳಲ್ಲಿ ನಮ್ಮನ್ನೂ ಕೊರಗರನ್ನೂ ಮೊದಲು ‘ಆದಿಮ ಬುಡಕಟ್ಟು’ ಎನ್ನುತ್ತಿದ್ದರು, 2006ರಿಂದ ‘ವಿಶೇಷವಾಗಿ ದುರ್ಬಲವಾದ ಬುಡಕಟ್ಟು’ ಎನ್ನುತ್ತಾರೆ. ವಿದ್ಯಾರ್ಥಿವೇತನದ ಅರ್ಜಿ ಕೇಳುತ್ತದೆ, ಬರೆಯುತ್ತೇನೆ. ಹಾಡಿಯಲ್ಲಿ ಆ ಹೆಸರು ಹಿಡಿದು ಯಾರನ್ನೂ ಕರೆಯುವುದಿಲ್ಲ.

ಮೇಡಂ ಕೇಳಿದ್ದಕ್ಕೆ ಕುಂಡೆ ಹಬ್ಬವನ್ನು ನೋಡಿದರೆ ಸಾಕೆಂದು ತೋರುತ್ತದೆ. ಮೇ ತಿಂಗಳಲ್ಲಿ ದೇವರಪುರದಲ್ಲಿ ನಡೆಯುವ ಆ ಹಬ್ಬಕ್ಕೆ ನಮ್ಮವರೂ ಯರವ ಬುಡಕಟ್ಟಿನವರೂ ಹಳೆಯ ಸೀರೆ, ನೈಟಿ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಪ್ಲಾಸ್ಟಿಕ್ ಡಬ್ಬ ಬಡಿಯುತ್ತ ಗೋಣಿಕೊಪ್ಪದ ಪೇಟೆಗೂ ಇಳಿಯುತ್ತಾರೆ. ಎದುರಿಗೆ ಬಂದವರು ತೋಟದ ಸಾಹುಕಾರರಾದರೂ ಸರಿ, ಪೊಲೀಸರಾದರೂ ಸರಿ, ಬೈದು ಹಣ ಕೇಳುತ್ತಾರೆ. ಕಾಡಿಗೆ ಕರೆತಂದು ಕೈಬಿಟ್ಟನೆಂಬ ಕಾರಣಕ್ಕೆ ದೇವರಿಗೂ ಬೈಗುಳ ತಪ್ಪುವುದಿಲ್ಲ. ಆ ದಿನ ಸೀರೆಯುಟ್ಟ ಗಂಡಸನ್ನು ಯಾರೂ ವಿಕೃತ ಎನ್ನುವುದಿಲ್ಲ, ನಗುತ್ತ ಹತ್ತರ ನೋಟು ಕೊಡುತ್ತಾರೆ. ಬೇರೆ ದಿನ ಅದೇ ಪೇಟೆಯಲ್ಲಿ ಮಂಗಳಮುಖಿಯೊಬ್ಬರು ಬಂದರೆ ಮುಖ ತಿರುಗಿಸುತ್ತಾರೆ, ನಮ್ಮವನೊಬ್ಬ ಕೂಲಿಯ ಲೆಕ್ಕ ಕೇಳಿ ದನಿಯೇರಿಸಿದರೆ ಕುಡಿದಿದ್ದಾನೆ ಎನ್ನುತ್ತಾರೆ.

ಕಾಡಿಗೆ ಹೋಗುವವರ ವಿಷಯಕ್ಕೆ ಬಂದರೆ, ಕೊಡವರ ಹಬ್ಬಗಳಾದ ಕೈಲ್ ಮುಹೂರ್ತಕ್ಕೂ ಹುತ್ತರಿಗೂ ಜಿಲ್ಲೆಯಲ್ಲಿ ರಜೆಯಿದೆ. ಜೇನು ಕೀಳಲು ಅಪ್ಪನ ಜೊತೆ ಹೋದ ಹುಡುಗನಿಗೆ ಗೈರುಹಾಜರಿ ಬೀಳುತ್ತದೆ.

ಉಪನ್ಯಾಸಕಿ

ಎಲ್ಲರಿಗೂ ಧನ್ಯವಾದ. ಪರೀಕ್ಷೆಗೆ ‘ವಿಚಲನೆ’ಯನ್ನು ಬಿಡುವಂತಿಲ್ಲ, ಮೌಲ್ಯಮಾಪಕರು ಅದನ್ನೇ ಹುಡುಕುತ್ತಾರೆ, ತರಗತಿಯಲ್ಲಿ ‘ರೂಢಿ ಮೀರಿದ ನಡತೆ’ ಎಂದು ಹೇಳಿ, ಪ್ರತಿ ಉದಾಹರಣೆಯ ಎದುರಿಗೂ ಅದು ಯಾರ ರೂಢಿ, ಹಾನಿ ಯಾರಿಗೆ, ಹೆಸರಿಟ್ಟವರು ಯಾರು ಎಂದು ಬರೆಯಿಸುತ್ತೇನೆ. ಕಿವುಡುತನ ನಡತೆಯೇ ಅಲ್ಲವಾದ್ದರಿಂದ ಆ ಪಟ್ಟಿಯಿಂದ ಹೊರಗೆ ಹೋಗಲೇಬೇಕು. ಮಾನಸಿಕ ಕಾಯಿಲೆಯೂ ಹಾಗೆಯೇ, ಆದರೆ ಅಲ್ಲಿ ಕಾಯಿಲೆ ನಡತೆಯಾಗಿಯೇ ಕಾಣಿಸಿಕೊಳ್ಳುವುದರಿಂದ ವಿದ್ಯಾರ್ಥಿಗಳು ಸುಲಭವಾಗಿ ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಯಾರಾದರೂ ಇಲ್ಲಿದ್ದರೆ, ರೋಗಿಯ ಮನೆಯವರೊಡನೆ ಮಾತನಾಡುವಾಗ ಇದನ್ನು ಹೇಗೆ ವಿವರಿಸುತ್ತೀರಿ ಎಂದು ತಿಳಿಸುವಿರಾ?