ಕೊಲೊರಾಡೊ ಬೆಟ್ಟದ ಹಳದಿ ಎಲೆ: ಮೊದಲ ಫ್ರಾಸ್ಟ್‌ವರೆಗೆ ಕಾಯಬೇಕಾ?

ಕೇಳಿದ್ದು

ನಮಸ್ಕಾರ. ನಾವು ಡೆನ್ವರ್‌ಗೆ ಬಂದು ಎಂಟು ತಿಂಗಳಾಯ್ತು. ಹಾಸನದಿಂದ ಅಪ್ಪ ಅಮ್ಮ ಸೆಪ್ಟೆಂಬರ್‌ನಲ್ಲಿ ಬರುತ್ತಾರೆ, ಅಕ್ಟೋಬರ್ ಕೊನೆವರೆಗೂ ಇರುತ್ತಾರೆ. ಆಸ್ಪೆನ್ ಮರಗಳು ಹಳದಿಯಾಗುವುದನ್ನು ಅವರಿಗೆ ತೋರಿಸುವ ಆಸೆ. ಫ್ರಾಸ್ಟ್ (ಚಳಿಯ ರಾತ್ರಿ ಹುಲ್ಲು, ಎಲೆ ಮೇಲೆ ಕಟ್ಟುವ ಬಿಳಿ ಹಿಮದ ಪದರ) ಬಿದ್ದ ಮೇಲೇ ಬಣ್ಣ ಬರುತ್ತದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಿಜಾನಾ? ಅಮ್ಮನಿಗೆ ಮಂಡಿನೋವು, ಚಳಿ ತಡೆಯಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಡೆನ್ವರ್‌ನಿಂದ, ಹನ್ನೊಂದು ವರ್ಷದಿಂದ ಇಲ್ಲಿರುವವರು

ಖಂಡಿತ ಕಾಯಬೇಡಿ. ಇದೇ ಮಾತು ನಂಬಿ ನಾವು ಮೊದಲ ವರ್ಷ ಅತ್ತೆ ಮಾವನನ್ನು ಅಕ್ಟೋಬರ್ ಎರಡನೇ ಶನಿವಾರ ಕೆನೋಶಾ ಪಾಸ್ ಅನ್ನುವ ಬೆಟ್ಟದ ಘಾಟಿಗೆ ಕರೆದುಕೊಂಡು ಹೋದೆವು. ಗುಡ್ಡದ ತುಂಬಾ ಬರೀ ಬಿಳಿ ಕಾಂಡ. ಅತ್ತೆ ನೆಲದಿಂದ ಒಂದು ಎಲೆ ಎತ್ತಿಕೊಂಡರು, ಅದೂ ಕಪ್ಪಾಗಿತ್ತು. ಇವತ್ತಿಗೂ ನನಗೆ ಆ ಬೇಸರ ಹೋಗಿಲ್ಲ.

ಬಣ್ಣ ಬರುವುದು ಫ್ರಾಸ್ಟ್‌ನಿಂದಲ್ಲ. ಹಗಲು ಚಿಕ್ಕದಾಗುತ್ತಾ ಬಂದ ಹಾಗೆ ಮರ ಎಲೆಗೆ ಹಸಿರು ತುಂಬುವುದನ್ನು ನಿಲ್ಲಿಸುತ್ತದೆ. ಹಳದಿ ಮೊದಲಿಂದಲೂ ಒಳಗೇ ಇರುತ್ತದೆ, ಹಸಿರು ಹೋದ ಮೇಲೆ ಕಾಣುತ್ತದೆ ಅಷ್ಟೇ. ಬಿಸಿಲಿನ ಹಗಲು, ತಣ್ಣನೆಯ ರಾತ್ರಿ ಇದ್ದರೆ ಕೆಲವು ಮರಗಳಿಗೆ ಕೆಂಪೂ ಬರುತ್ತದೆ. ಜೋರು ಫ್ರಾಸ್ಟ್ ಬೇಗ ಬಿದ್ದರೆ ಎಲೆ ಸುಟ್ಟಂತಾಗಿ ಉದುರಿಬಿಡುತ್ತದೆ.

ಕೆನೋಶಾಗೆ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ವಾರ ಚೆನ್ನ. ವರ್ಷದಿಂದ ವರ್ಷಕ್ಕೆ ಒಂದು ವಾರ ಆಚೆ ಈಚೆ ಆಗಬಹುದು. ವಾರದ ನಡುವೆ ಹೋಗಿ. ಶನಿವಾರ, ಭಾನುವಾರ ಕಾರು ನಿಲ್ಲಿಸಲು ಜಾಗವೇ ಸಿಗಲ್ಲ. ಆ ವಾರ ತಪ್ಪಿದರೆ ದಕ್ಷಿಣದ ಯೂರೇ, ಸಿಲ್ವರ್ಟನ್ ಕಡೆ ಅಕ್ಟೋಬರ್ ಮೊದಲ ವಾರದಲ್ಲೂ ಸಿಗುತ್ತದೆ, ಆದರೆ ಅಮ್ಮನ ಮಂಡಿಗೆ ಅಷ್ಟು ದೂರದ ಕಾರು ಪ್ರಯಾಣ ಕಷ್ಟ.

ಅಲ್ಲಿ ಹೋದಾಗ ಸುಮ್ನೆ ಐದು ನಿಮಿಷ ಒಂದು ಮರದ ಕೆಳಗೆ ನಿಂತುಕೊಳ್ಳಿ. ಆಸ್ಪೆನ್ ಎಲೆಯ ತೊಟ್ಟು ಚಪ್ಪಟೆ. ಹಾಗಾಗಿ ಗಾಳಿ ಇದೆಯೋ ಇಲ್ಲವೋ ಅನ್ನುವಾಗಲೂ ನಮ್ಮೂರ ಅರಳಿ ಎಲೆಯ ಹಾಗೆ ಅದು ಅಲುಗುತ್ತಲೇ ಇರುತ್ತದೆ. ಇನ್ನೊಂದು ವಿಷಯ ಅಪ್ಪನಿಗೆ ತೋರಿಸಿ. ಒಂದು ಗುಂಪು ಪೂರ್ತಿ ಹಳದಿ, ಪಕ್ಕದ್ದು ಇನ್ನೂ ಹಸಿರು ಇರುತ್ತದೆ. ಒಂದೇ ಬೇರಿನಿಂದ ಎದ್ದ ಮರಗಳೆಲ್ಲ ಒಟ್ಟಿಗೇ ಬಣ್ಣ ತಿರುಗುತ್ತವೆ.

ಫ್ರಾಸ್ಟ್ ನೋಡಲೆಂದೇ ಹೋಗಿದ್ದವರು

ಮೇಲೆ ಹೇಳಿದ್ದು ಸರಿ. ಆದರೂ ಫ್ರಾಸ್ಟ್ ನೋಡುವ ಆಸೆ ಇದ್ದರೆ ಅದೇ ಪ್ರವಾಸದಲ್ಲಿ ಎರಡೂ ಆಗಬಹುದು. ಕೆನೋಶಾ ಸುಮಾರು 10,000 ಅಡಿ, ಡೆನ್ವರ್ 5,280. ಸಾವಿರ ಅಡಿಗೆ ಸರಾಸರಿ 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಡೆನ್ವರ್‌ನಲ್ಲಿ ಹಿತವಾದ ಚಳಿ ಇದ್ದಾಗ ಮೇಲೆ ಹುಲ್ಲು ಬೆಳ್ಳಗಾಗಿರುತ್ತದೆ.

ನಾವು ಆಚೆ ಬದಿ ಫೇರ್‌ಪ್ಲೇಯಲ್ಲಿ ಒಂದು ರಾತ್ರಿ ಉಳಿದಿದ್ದೆವು. ಮೋಡವಿಲ್ಲ, ಗಾಳಿಯಿಲ್ಲ. ಬೆಳಿಗ್ಗೆ ಫೋನ್ 2 ಡಿಗ್ರಿ ತೋರಿಸುತ್ತಿತ್ತು, ಹೊರಗೆ ನೋಡಿದರೆ ಫ್ರಾಸ್ಟ್! ಅಂಥ ರಾತ್ರಿ ನೆಲ ಗಾಳಿಗಿಂತ ಜಾಸ್ತಿ ತಣ್ಣಗಾಗುತ್ತದೆ, ತಣ್ಣನೆ ಗಾಳಿಯೂ ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ. ಬಿದ್ದಿದ್ದ ಒಂದು ಎಲೆಯ ನರಗಳ ಮೇಲೆಲ್ಲ ಉಪ್ಪಿನ ಹರಳು ಅಂಟಿಸಿದ ಹಾಗೆ ಕಾಣುತ್ತಿತ್ತು. ಮಗಳು ಬೆರಳಿಟ್ಟಳು, ಅಷ್ಟು ಜಾಗ ಕರಗಿ ಮತ್ತೆ ಹಳದಿ ಆಯ್ತು. ಬಿಸಿಲು ಬಿದ್ದ ಅರ್ಧ ಗಂಟೆಗೆ ಏನೂ ಉಳಿಯಲಿಲ್ಲ.

ಫ್ರಾಸ್ಟ್ ಕಟ್ಟಿದ ಕಾರಿನ ಗಾಜಿಗೆ ದಯವಿಟ್ಟು ಬಿಸಿನೀರು ಹಾಕಬೇಡಿ. ನಮ್ಮದು ಸೀಳಿತು. ಕೆರೆಯುವ ಪ್ಲಾಸ್ಟಿಕ್ ಪಟ್ಟಿ ಒಂದು ಕಾರಿನಲ್ಲಿಡಿ. ಬೆಳಿಗ್ಗೆ ಸೇತುವೆಗಳ ಮೇಲೆ ಜಾರುತ್ತದೆ, ನಿಧಾನ.

ಬೋಲ್ಡರ್‌ನಿಂದ

ರಾತ್ರಿ ಉಳಿಯುವ ವಿಚಾರದಲ್ಲಿ ನನ್ನ ಅಭಿಪ್ರಾಯ ಬೇರೆ. ವಯಸ್ಸಾದವರನ್ನು ಬಂದ ಮೊದಲ ವಾರದಲ್ಲೇ ಅಷ್ಟು ಎತ್ತರದಲ್ಲಿ ಮಲಗಿಸಬೇಡಿ. ನನ್ನ ಅಮ್ಮನಿಗೆ ರಾತ್ರಿಯೆಲ್ಲ ತಲೆನೋವು, ನಿದ್ದೆಯಿಲ್ಲ. ಡೆನ್ವರ್‌ನಲ್ಲಿ ಹತ್ತು ದಿನವಾದರೂ ಇದ್ದು ಹೋಗಲಿ, ನೀರು ಜಾಸ್ತಿ ಕುಡಿಯಲಿ. ಬಿಪಿ ಮಾತ್ರೆ ತಗೊಳ್ಳುವವರಾದರೆ ಮೊದಲೇ ಡಾಕ್ಟರನ್ನು ಕೇಳಿ.

ಮಂಡಿನೋವಿಗೆ ಪೀಕ್ ಟು ಪೀಕ್ ರಸ್ತೆ ಒಳ್ಳೆಯದು. ನೆಡರ್‌ಲೆಂಡ್‌ನಿಂದ ಎಸ್ಟೆಸ್ ಪಾರ್ಕ್‌ವರೆಗೆ ಕಾರಿನಲ್ಲಿ ಕೂತೇ ಆಸ್ಪೆನ್ ನೋಡಬಹುದು. ಸಂಜೆ ಎಸ್ಟೆಸ್ ಪಾರ್ಕ್ ಹತ್ತಿರ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಗಂಡುಗಳ ಕೂಗು ಕೇಳಿಸುತ್ತದೆ. ಅದು ಅವುಗಳ ಬೆದೆಯ ಕಾಲ. 75 ಅಡಿಗಿಂತ ಹತ್ತಿರ ಹೋಗಬಾರದು, ಅಪ್ಪ ಫೋಟೋಗೆ ಅಂತ ಇಳಿಯದ ಹಾಗೆ ನೋಡಿಕೊಳ್ಳಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೆಪ್ಟೆಂಬರ್ ಕೊನೆಯ ಬುಧವಾರಕ್ಕೆ ಈಗಲೇ ರಜೆ ಹಾಕಿದೆ. ಅಮ್ಮನಿಗೆ ಫೋನ್ ಮಾಡಿ ಉಣ್ಣೆ ಸಾಕ್ಸ್, ಶಾಲು ಇಟ್ಟುಕೊಳ್ಳಿ ಅಂದೆ. ಅರಳಿ ಎಲೆಯ ಮಾತನ್ನೂ ಹೇಳಿದೆ, ಕಟ್ಟೆಯ ಮರದ ಒಂದು ಎಲೆ ಪುಸ್ತಕದೊಳಗಿಟ್ಟು ತರುತ್ತಾರಂತೆ. ಎಲೆ ಇಲ್ಲಿಗೆ ತರಲು ಬಿಡಲ್ಲ ಅಮ್ಮಾ, ಫೋಟೋ ತೆಗೆದುಕೊಂಡು ಬನ್ನಿ ಅಂತ ಹೇಳಿದ್ದೇನೆ.