ಪದಚರ್ಚೆ: ಆಯಿಲ್ ಸೀಲು ‘ಸೋರುವುದು’, ‘ಒಸರುವುದು’, ‘ಇಂಟರ್‌ಮೀಡಿಯೆಟ್ ಶಾಫ್ಟ್’ಗೆ ಏನನ್ನೋಣ? (ತುರ್ತು)

ಪದಾರ್ಥಿ:
ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಹತ್ತರೊಳಗೆ ಅನುವಾದ ಕಳಿಸಬೇಕು. ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಪೋರ್ಷೆ 911 ಕೊಳ್ಳಹೊರಟ ಕನ್ನಡಿಗರಿಗಾಗಿ ಎರಡು ಪುಟದ ತಪಾಸಣೆ ಪಟ್ಟಿ. ಗಾಡಿ 996 ತಲೆಮಾರಿನ ಕೂಪೆ, ಅಂದರೆ ಎರಡು ಬಾಗಿಲಿನ ಕಾರು. ಗಾಳಿಯ ಬದಲು ನೀರಿನಿಂದ ತಂಪಾಗುವ ಮೊದಲ 911 ಅದೇ.

ಸಿಕ್ಕಿಬಿದ್ದದ್ದು ಇಲ್ಲಿ. ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಿನ) ಹಿಂಬದಿಯ ಆಯಿಲ್ ಸೀಲಿಗೆ, ಅಂದರೆ ಎಣ್ಣೆ ಹೊರಬಾರದಂತೆ ತಡೆಯುವ ಬಳೆಗೆ, ಮೂಲದಲ್ಲಿ ಎರಡು ಬೇರೆ ಕ್ರಿಯಾಪದಗಳಿವೆ: ಬರೀ ಪಸೆ ಕಂಡರೆ ಒಂದು, ನೆಲಕ್ಕೆ ಹನಿ ಬಿದ್ದರೆ ಇನ್ನೊಂದು. ನಾನು ಎರಡಕ್ಕೂ ‘ಸೋರುವುದು’ ಅಂತಲೇ ಬರೆದಿದ್ದೇನೆ, ಸಮಾಧಾನವಿಲ್ಲ. ಆಮೇಲೆ ಇಂಟರ್‌ಮೀಡಿಯೆಟ್ ಶಾಫ್ಟು (ಕ್ರ್ಯಾಂಕಿಗೂ, ವಾಲ್ವು ತೆರೆಯುವ ಕ್ಯಾಮ್‌ಶಾಫ್ಟಿಗೂ ನಡುವಿನದು) ಮತ್ತು ಅದರ ಬೇರಿಂಗು. ಸಿಲಿಂಡರ್ ಗೋಡೆಯ ಮೇಲೆ ಬೀಳುವ ಉದ್ದುದ್ದ ಗೆರೆಗಳು. ಕೊನೆಗೆ ಇಂಜಿನ್ನಿನೊಳಗಿನ ಗಾಳಿಯಿಂದ ಎಣ್ಣೆಯನ್ನು ಬೇರ್ಪಡಿಸುವ ಆಯಿಲ್ ಸೆಪರೇಟರು. ಕಂಪ್ಯೂಟರ್ ಅನುವಾದ ಆ ಸೀಲಿಗೆ (ಮೂಲದಲ್ಲಿ ‘ರಿಯರ್ ಮೇನ್ ಸೀಲ್’) ‘ಹಿಂದಿನ ಮುಖ್ಯ ಮುದ್ರೆ’ ಅಂತ ಕೊಟ್ಟಿತು. ಅದನ್ನು ಯಾರೂ ಸಮರ್ಥಿಸಬೇಡಿ.

ಶಬ್ದಶಿಲ್ಪಿ:
ಮಧ್ಯಂತರ ದಂಡ. ಬೇರಿಂಗಿಗೆ ಧಾರಕ. ಸೀಲಿಗೆ ಸ್ರಾವರೋಧಕ. ಸೆಪರೇಟರಿಗೆ ವಾಯುತೈಲ ವಿಭಾಜಕ. ಪಸೆಗೆ ಅಲ್ಪಸ್ರಾವ, ಹನಿಗೆ ಬಿಂದುಸ್ರಾವ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಪಾನಾ:
‘ಮಧ್ಯಂತರ ದಂಡ’ ಅಂದ್ರ ಕೋರ್ಟಿನವರು ಕೇಸು ಮುಗಿಯೂಕಿಂತ ಮೊದಲ ಹಾಕೂ ದಂಡ ಆಗತೈತ್ರಿ. ವಿಭಾಜಕ ಅಂದ್ರ ರಸ್ತೆ ನಡುವಿನ ಕಟ್ಟಿ. ‘ಸ್ರಾವ’ ದವಾಖಾನಿಗೆ ಬಿಡ್ರಿ, ಗ್ಯಾರೇಜಿಗೆ ತರಬ್ಯಾಡ್ರಿ.

ಕಡಲತಡಿ:
ಪದಾರ್ಥಿಯವರೇ, ಮೊದಲು ಕ್ರಿಯಾಪದ ಸರಿಮಾಡಿಕೊಳ್ಳಿ, ದುಡ್ಡಿನ ಲೆಕ್ಕ ಇರುವುದು ಅಲ್ಲೇ. ಕನ್ನಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ. ಪಸೆ ಕಟ್ಟಿ ಧೂಳು ಅಂಟಿಕೊಂಡಿದ್ದರೆ ಒಸರುವುದು. ಅಂಚಿನಲ್ಲಿ ಹನಿ ಕೂಡಿ ಬಿದ್ದರೆ ತೊಟ್ಟಿಕ್ಕುವುದು. ನಿಲ್ಲಿಸಿದ ಜಾಗದಲ್ಲಿ ಮಡು ಕಟ್ಟಿದರೆ ಸೋರುವುದು. ಒಸರುವ ಗಾಡಿಗೆ ಮುಂದಿನ ಕ್ಲಚ್ ಕೆಲಸದವರೆಗೆ ಕಾಯಬಹುದು, ಏಕೆಂದರೆ ಸೀಲಿನ ಬೆಲೆ ಕೆಲವು ಹತ್ತು ಡಾಲರ್ ಅಷ್ಟೆ; ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಿ, ಕ್ಲಚ್ಚು, ಫ್ಲೈವೀಲು ಬಿಚ್ಚಬೇಕು. ಖರ್ಚೆಲ್ಲ ಕೂಲಿಯದು. ಹೊಸ ಮಾದರಿಯ ಟೆಫ್ಲಾನ್ ತುಟಿಯ ಸೀಲಿಗೆ ಎಣ್ಣೆ ಹಚ್ಚದೆ ಒಣದಾಗಿಯೇ ಕೂರಿಸಬೇಕು, ಸೊಟ್ಟ ಕೂತರೆ ಮತ್ತೆ ಒಸರುತ್ತದೆ. ಆ ಸಾಲಿನಲ್ಲಿ ‘ಎಣ್ಣೆ ಸವರಿ’ ಅಂತ ಅಭ್ಯಾಸಬಲದಿಂದ ಬರೆದುಬಿಟ್ಟೀರಿ ಮಾರಾಯ್ರೇ.

ಪಾನಾ:
ಇನ್ನೊಂದು ಮಾತ್ರಿ. ‘ಸೀಲು ಸೋರುತ್ತಿದೆ’ ಅಂತ ಬರದ್ರ ಕಾಯಿಲೆ ಹೆಸರ ಹೇಳಿಬಿಟ್ಟಂಗ. ಗೇರ್‌ಬಾಕ್ಸು ಇಂಜಿನ್ನು ಕೂಡೂ ಜಾಗಾದ ಕೆಳಗ ಎಣ್ಣಿ ಕಂಡ್ರ ಕ್ರ್ಯಾಂಕ್ ಸೀಲ ಇರಬಹುದು, ಇಂಟರ್‌ಮೀಡಿಯೆಟ್ ಶಾಫ್ಟಿನ ಫ್ಲಾಂಜ್ (ತುದಿಯ ಮುಚ್ಚಳ) ಇರಬಹುದು, ಕೇಸಿನ ಬೋಲ್ಟಿನ ಗುಂಟ ಬಂದಿರಬಹುದು. ಇಳಿಸದ ಹೇಳಾಕ ಬರಂಗಿಲ್ಲ. ‘ಅಲ್ಲಿ ಎಣ್ಣೆ ಒಸರಿದೆಯೇ?’ ಅಂತ ಕೇಳ್ರಿ, ಸಾಕು.

ಒರೆಗಲ್ಲು:
‘ಒಸರು’ ಅಪ್ಪಟ ಕನ್ನಡ, ಸಂತೋಷ. ಆದರೆ ಶಾಫ್ಟಿಗೆ ಯಾಕೆ ಕೈಚೆಲ್ಲಿದ್ದೀರಿ? ನಮ್ಮಲ್ಲಿ ಇರುಸು ಇದೆ, ಗಾಡಿಯ ಗಾಲಿ ಸುತ್ತುವ ಕಂಬಿ. ತಮಿಳು, ತೆಲುಗುಗಳಲ್ಲೂ ಅದೇ. ನಡುವಿರುಸು ಅನ್ನಿ. ಬೇರಿಂಗಿಗೆ ಗುಂಬ. ‘ಅಚ್ಚು’ ಬೇಡ, ಅದು ಅಕ್ಷದ ತದ್ಭವ. ಗ್ರೀಸಿಗೆ ಕೀಲೆಣ್ಣೆ. ಇಷ್ಟೆಲ್ಲ ಮನೆಯಲ್ಲಿಟ್ಟುಕೊಂಡು ಬೇರಿಂಗು, ಫ್ಲಾಂಜು ಅಂತ ಬರೆಯುವುದು ಸೋಮಾರಿತನ.

ಶಬ್ದಶಿಲ್ಪಿ:
ಕೀಲೆಣ್ಣೆಯ ‘ಕೀಲು’ ಸಂಸ್ಕೃತದ ಕೀಲ. ಅಕ್ಷ ಬೇಡವಾದವರಿಗೆ ಕೀಲ ಹೇಗೆ ಬೇಕಾಯಿತು?

ಒರೆಗಲ್ಲು:
ಕೀಲು ದ್ರಾವಿಡ. ಸಂಸ್ಕೃತ ನಮ್ಮಿಂದ ತೆಗೆದುಕೊಂಡದ್ದು ಅಂತ ನನ್ನ ವಾದ. ಇದನ್ನು ಹಿಂದೆಯೂ ಬರೆದಿದ್ದೇನೆ.

ಪಾನಾ:
ಇಬ್ಬರೂ ಚಕ್ಕಡಿ ನೋಡ್ರಿ. ಚಕ್ಕಡಿಯೊಳಗ ಇರಸು ತಿರಗಂಗಿಲ್ಲ, ಗಾಲಿ ತಿರಗತೈತಿ. ಶಾಫ್ಟ್ ಅಂದ್ರ ತಾನ ತಿರಗೂದು. ತಿರಗದ್ದರ ಹೆಸರ ತಿರಗೂದಕ್ಕ ಇಟ್ರ ಓದಿದಾಂವ ಏನ್ ತಿಳ್ಕೋಬೇಕು? ಗುಂಬಂತೂ ಗಾಲಿ ನಡುವಿನ ಕಟ್ಟಿಗಿ. ಬೇರಿಂಗಿಗೂ ಅದಕ್ಕೂ ಏನ್ ಸಂಬಂಧ?

ಕಡಲತಡಿ:
ಪಾನಾ ಹೇಳಿದ್ದು ಸರಿ. ಈ ಶಾಫ್ಟಿನ ಕೆಲಸ ಏನು ಅಂತ ನೋಡಿ: ಕ್ರ್ಯಾಂಕಿನಿಂದ ಚೈನು ಬಂದು ಇದನ್ನು ತಿರುಗಿಸುತ್ತದೆ, ಇದರಿಂದ ಹೊರಟ ಚೈನುಗಳು ಎರಡೂ ಬದಿಯ ಕ್ಯಾಮ್‌ಶಾಫ್ಟ್ ತಿರುಗಿಸುತ್ತವೆ. ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಕೂತಿರುವುದೇ ಆ ಕುಖ್ಯಾತ ಬೇರಿಂಗು. ಅದು ಮುಚ್ಚಿದ ಬೇರಿಂಗು, ಒಳಗೆ ಗ್ರೀಸು ತುಂಬಿರುತ್ತದೆ. ವರ್ಷಗಳು ಕಳೆದಂತೆ ಮುಚ್ಚಳದ ಸಂದಿನಿಂದ ಇಂಜಿನ್ ಎಣ್ಣೆ ಒಳಹೋಗಿ ಗ್ರೀಸನ್ನು ತೊಳೆದುಬಿಡುತ್ತದೆ. ಒಳಗೆ ಸೇರಿದ ಎಣ್ಣೆ ಅಲ್ಲೇ ಕೊಳೆಯುತ್ತದೆ; ಹೊರಗೆ ಎಷ್ಟು ಸಲ ಆಯಿಲ್ ಬದಲಿಸಿದರೂ ಅಲ್ಲಿಯದು ಬದಲಾಗುವುದಿಲ್ಲ. ಗುಂಡುಗಳು ಸವೆದು ಶಾಫ್ಟು ಅಲ್ಲಾಡಿದರೆ ಚೈನಿನ ಲೆಕ್ಕ ತಪ್ಪುತ್ತದೆ, ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಅಲ್ಲಿಗೆ ಇಂಜಿನ್ ಮುಗಿಯಿತು. ಬೇರೆ ಇಂಜಿನ್ ಕೂರಿಸಲು 15,000ದಿಂದ 25,000 ಡಾಲರ್ ಹೇಳುತ್ತಾರೆ.

ಪಟ್ಟಿಯಲ್ಲಿ ‘ಒಂಟಿಸಾಲು’, ‘ಜೋಡಿಸಾಲು’ ಅಂತ ಬಂದಿರಬೇಕಲ್ಲ? ಮೊದಮೊದಲ ಇಂಜಿನ್ನುಗಳಲ್ಲಿ ಎರಡು ಸಾಲು ಗುಂಡು. ಸುಮಾರು 2000ದಿಂದ 2005ರವರೆಗೆ ಒಂದೇ ಸಾಲು, ಹೆಚ್ಚು ಕೆಡುವುದು ಇದೇ. 996ರ ಮುಂದಿನ ತಲೆಮಾರಾದ 997ರ ಹೊತ್ತಿಗೆ ಬಂದ ದೊಡ್ಡ ಬೇರಿಂಗನ್ನು ಇಂಜಿನ್ ಕೇಸು ಒಡೆಯದೆ ತೆಗೆಯಲಾಗದು. 2009ರ ಮಾಡೆಲಿನ ಹೊಸ ಇಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಇದೇ 996ರ ಟರ್ಬೊ, ಜಿಟಿ3 ಗಾಡಿಗಳ ಇಂಜಿನ್ ಬೇರೆ ವಂಶದ್ದು, ಅವಕ್ಕೆ ಈ ರೋಗವಿಲ್ಲ. ಅಲ್ಲಿ ಅಂಟು ಹಾಕಿ ಕೂರಿಸಿದ ಕೂಲೆಂಟ್ ಪೈಪು ಕಿತ್ತುಬರುತ್ತದೆ. ಇಂಜಿನ್ ಇಳಿಸಿ ವೆಲ್ಡ್ ಮಾಡಿಸಬೇಕು.

ಪದಾರ್ಥಿ:
ಮೂಲದಲ್ಲಿ ‘ಬೇರಿಂಗ್ ಬದಲಿಸುವ ಮುನ್ನ ಫಿಲ್ಟರ್ ಕತ್ತರಿಸಿ ನೋಡಿ’ ಅಂತಿದೆ. ಕತ್ತರಿಸಿ ಅಂದರೆ ನಿಜವಾಗಿಯೂ ಕತ್ತರಿಸಬೇಕೇ, ಅಥವಾ ಅದು ಬರೀ ಮಾತಿನ ಬಗೆಯೇ?

ಪಾನಾ:
ಖರೇನ ಕತ್ತರಿಸಬೇಕ್ರಿ. ಆಯಿಲ್ ಫಿಲ್ಟರಿನ ಕಾಗದದ ಮಡಿಕಿ ಬಿಡಿಸಿ, ಬಿಸಲಾಗ ಹಿಡಿದು, ಆಯಸ್ಕಾಂತ ಆಡಿಸಬೇಕು. ಅಂಟಿದ್ರ ಉಕ್ಕಿನ ಚೂರು, ಬೇರಿಂಗಿನ್ದು ಇರಬಹುದು. ಅಂಟದ ಮಿಂಚಿದ್ರ ಅಲ್ಯೂಮಿನಿಯಂ. ಉಕ್ಕಿನ ಚೂರು ಇಂಜಿನ್ ತುಂಬ ಓಡಾಡಿದ ಮ್ಯಾಲ ಹೊಸಾ ಬೇರಿಂಗ್ ಹಾಕಿ ಉಪಯೋಗ ಇಲ್ಲ, ಇಂಜಿನ್ ಬಿಚ್ಚಬೇಕು. ಚೊಕ್ಕ ಇದ್ರಷ್ಟ ಮುಂದಿನ ಕೆಲಸ: ಕ್ರ್ಯಾಂಕಿಗೆ ಪಿನ್ ಹಾಕಿ ಲಾಕ್ ಮಾಡಿ, ಚೈನ್ ಟೆನ್ಷನರ್ (ಚೈನ್ ಬಿಗಿ ಹಿಡಿಯೂದು) ಬಿಚ್ಚಿ, ಫ್ಲಾಂಜಿನ ಮೂರು ಬೋಲ್ಟ್ ತೆಗೆದು, ಪುಲ್ಲರಿನಿಂದ ಬೇರಿಂಗ್ ಎಳೀಬೇಕು. ಲಾಕ್ ಮಾಡದ ಟೆನ್ಷನರಿಗೆ ಕೈ ಹಚ್ಚಿದ್ರ ಟೈಮಿಂಗ್, ಅಂದ್ರ ಚೈನಿನ ಲೆಕ್ಕ, ಹೋತು. ಕ್ಲಚ್ಚು, ಸೀಲು, ಬೇರಿಂಗು ಮೂರೂ ಒಂದ ಸಲ ಮಾಡಿಸಿದ್ರ 3,000ದಿಂದ 5,000 ಡಾಲರ್. ಬ್ಯಾರೆ ಬ್ಯಾರೆ ಮಾಡಿಸಿದ್ರ ಗೇರ್‌ಬಾಕ್ಸ್ ಇಳಿಸಿದ ಕೂಲಿ ಮೂರು ಸಲ.

ಒರೆಗಲ್ಲು:
‘ಲಾಕ್, ಪಿನ್, ಟೆನ್ಷನರ್, ಪುಲ್ಲರ್, ಟೈಮಿಂಗ್.’ ಇದರಲ್ಲಿ ಕನ್ನಡ ಎಲ್ಲಿದೆ ಸ್ವಾಮಿ?

ಪಾನಾ:
ವಿಭಕ್ತಿಯೊಳಗ ಐತ್ರಿ. ಪುಲ್ಲರಿನಿಂದ, ಫ್ಲಾಂಜಿನ, ಕ್ರ್ಯಾಂಕಿಗೆ. ಬೋಲ್ಟಿಗೆ ಉಕಾರ ಹಚ್ಚಿ ಬೋಲ್ಟು ಮಾಡಿಕೊಂಡ್ವಿ, ಕಾರು ಬಸ್ಸು ಮಾಡಿಕೊಂಡಂಗ. ನನ್ನ ಹೆಸರಿನ ‘ಪಾನಾ’ (ಸ್ಪ್ಯಾನರ್) ಮರಾಠಿಯಿಂದ ಬಂದದ್ದು, ನಿಮ್ಮ ಮನಿ ‘ಚಾವಿ’ ಪೋರ್ಚುಗೀಸರದು. ಕಿತ್ತು ಒಗೀತೀರೇನು?

ಒರೆಗಲ್ಲು:
ನಮ್ಮ ಮನೆಯಲ್ಲಿ ಬೀಗದ ಕೈ.

ಕಡಲತಡಿ:
ಈ ಜಗಳ ಆಮೇಲೆ ಆಡಿ, ಅವರಿಗೆ ಹೊತ್ತಿಲ್ಲ. ಸಿಲಿಂಡರಿನ ಗೆರೆಗಳಿಗೆ ಗೀರು. ‘ಸವೆತ’ ಅಲ್ಲ, ಸವೆತ ಸುತ್ತಲೂ ಒಂದೇ ಸಮ ಆಗುವಂಥದ್ದು. ‘ಬೋರಿಗೆ ಬಂದಿದೆ’ ಅಂತ ನಮ್ಮ ಗ್ಯಾರೇಜುಗಳಲ್ಲಿ ಹೇಳುತ್ತಾರಲ್ಲ, ಅದನ್ನಂತೂ ಇಲ್ಲಿ ಬಳಸಲೇಬೇಡಿ. ಅದನ್ನು ಓದಿದವನು ಬೋರ್ ಮಾಡಿಸಿ (ಸಿಲಿಂಡರ್ ಕೊರೆದು ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿಸಿದರಾಯಿತು ಅಂದುಕೊಳ್ಳುತ್ತಾನೆ. ಈ ಇಂಜಿನ್ನಿನ ಸಿಲಿಂಡರ್ ಗೋಡೆ ಲೋಕಾಸಿಲ್, ಅಂದರೆ ಸಿಲಿಕಾನ್ ಕಣ ಬೆರೆತ ಅಲ್ಯೂಮಿನಿಯಂ. ಕಣಗಳು ಕಿತ್ತುಬಂದು ಪಿಸ್ಟನ್ನಿನ ಮೈಮೇಲಿನ ಲೇಪ ಕೆರೆದುಹೋದರೆ ಗೀರು ಬೀಳುತ್ತದೆ. ರಿಪೇರಿಯೆಂದರೆ ಸಾಮಾನ್ಯವಾಗಿ ನಿಕಾಸಿಲ್ ಎಂಬ ಗಟ್ಟಿ ನಿಕಲ್ ಲೇಪದ ಹೊಸ ಲೈನರು (ಸಿಲಿಂಡರಿನ ಒಳಗೋಡೆ), ಹೊಸ ಪಿಸ್ಟನ್ನು, ಪೂರ್ತಿ ಇಂಜಿನ್ ಕಟ್ಟುವುದು. 15,000 ಡಾಲರಿಗೆ ಕಡಿಮೆಯಿಲ್ಲ, 30,000ಕ್ಕೂ ಏರುತ್ತದೆ. 3.4 ಲೀಟರಿನವಕ್ಕಿಂತ ಆಮೇಲೆ ಬಂದ 3.6ರಲ್ಲಿ ಇದು ಹೆಚ್ಚು.

ಗುರುತು: ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು, ಎಣ್ಣೆ ಕುಡಿಯುವುದು, ಸೈಲೆನ್ಸರಿನ ಒಂದೇ ಬದಿಯ ಬಾಯಿಗೆ ಮಸಿ. ಎರಡೂ ಬಾಯಿಗೆ ಬೆರಳು ಹಚ್ಚಿ ಹೋಲಿಸಿ ನೋಡಬೇಕು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕ್ಯಾಮೆರಾ ಬಿಟ್ಟರೆ ಗೀರು ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ಎಣ್ಣೆ ಇಳಿಸಿ, ಕೆಳಗಿನ ಸಂಪು (ಎಣ್ಣೆಯ ತಟ್ಟೆ) ಬಿಚ್ಚಿ, ಕೆಳಗಿನಿಂದ ನೋಡಿಸಿ ಅಂತ ಸ್ಪಷ್ಟವಾಗಿ ಬರೆಯಿರಿ. ಆರನೇ ಸಿಲಿಂಡರು ಮೊದಲು.

ಸೆಪರೇಟರಿಗೆ ಆಯಿಲ್ ಸೆಪರೇಟರು, ಅಷ್ಟೆ. ಒಳಗಿನ ರಬ್ಬರ್ ಪೊರೆ ಹರಿದರೆ ಇಂಜಿನ್ ತನ್ನ ಎಣ್ಣೆಯನ್ನು ತಾನೇ ಒಳಗೆಳೆದುಕೊಂಡು ಸುಡುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಹಿಂದೆ ಬೆಳ್ಳನೆ ಹೊಗೆಯ ಮೋಡ. ಇಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ಕಚ್ಚಿಕೊಂಡು ಏಳುವುದಿಲ್ಲ. ಬಿಡಿಭಾಗದ ಬೆಲೆ ಹೆಚ್ಚಿಲ್ಲ, ಆದರೆ ಕೈ ಹೋಗದ ಜಾಗ. ಕೂಲಿ ಸೇರಿ 1,000 ಡಾಲರಿನ ಆಸುಪಾಸು. ಹೊಗೆ ಕಂಡು ಬೆದರಿ ‘ಇಂಜಿನ್ ಹೋಗಿದೆ’ ಅಂತ ಅನುವಾದಿಸಬೇಡಿ.

ಪದಾರ್ಥಿ:
ಧನ್ಯವಾದ. ಹೀಗೆ ಇಡುತ್ತಿದ್ದೇನೆ: ಒಸರು, ತೊಟ್ಟಿಕ್ಕು, ಸೋರು ಮೂರೂ ಬೇರೆ ಬೇರೆ ಚೌಕದಲ್ಲಿ. ಇಂಟರ್‌ಮೀಡಿಯೆಟ್ ಶಾಫ್ಟು, ಬೇರಿಂಗು, ಸೀಲು ಹಾಗೆಯೇ. ಗೀರು. ಆಯಿಲ್ ಸೆಪರೇಟರು. ‘ಕೀಲೆಣ್ಣೆ’ ಒಂದು ಕಡೆ ಬಳಸಿದ್ದೆ, ಓದಿ ನೋಡಿ ಗ್ರೀಸು ಮಾಡಿದೆ.

ಒರೆಗಲ್ಲು:
ಗೊತ್ತಿತ್ತು.

ಶಬ್ದಶಿಲ್ಪಿ:
‘ಕೂಪೆ’ಗೆ ಏನು ಹಾಕಿದಿರಿ? ಕೂಪ ಅಂದರೆ ಬಾವಿ.

ಪಾನಾ:
15,000 ಡಾಲರ್ ಇಂಜಿನ್ನಿಗೆ ಹಾಕಿದಾಂವ್ನ ಕೇಳ್ರಿ, ಸರಿಯಾಗೈತಿ ಅಂತಾನ.